ಜಾತ್ರೆಗೆ ಬಂದ ಬಾವುಟ

ಬೆಂಗಳೂರಿನಿಂದ ಹಿಂದೂಪುರದ ಕಡೆ ಹೋಗುವ ಪ್ಯಾಸೆಂಜರ್ ರೈಲು ಗೌರಿಬಿದನೂರು ಬಿಟ್ಟ ಸ್ವಲ್ಪ ಹೊತ್ತಿಗೇ ಒಂದು ಪುಟ್ಟ ನಿಲ್ದಾಣದಲ್ಲಿ ನಿಲ್ಲುತ್ತದೆ. ಹಳದಿ ಹಲಗೆಯ ಮೇಲೆ ವಿದುರಾಶ್ವತ್ಥ ಎಂದಿರುತ್ತದೆ. ನಾನು ಇಳಿದ ಬೆಳಿಗ್ಗೆ ನನ್ನ ಜೊತೆ ಇಳಿದವರಲ್ಲಿ ಹೆಚ್ಚಿನವರು ಜೋಡಿಗಳು. ಒಬ್ಬಾಕೆಯ ಕೈಯಲ್ಲಿ ಹಾಲಿನ ಕ್ಯಾನು, ಗಂಡನ ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಹೂವು. ಯಾತಕ್ಕೆ ಬಂದರೆಂದು ಕೇಳಬೇಕಿರಲಿಲ್ಲ. ಈ ಊರಿಗೆ ಜನ ಬರುವುದು ನಾಗರಕಲ್ಲಿಗಾಗಿ.

ದೇವಸ್ಥಾನದ ಸುತ್ತ ಅವು ಸಾಲುಸಾಲಾಗಿ ನಿಂತಿವೆ. ಹೊಸದಾಗಿ ಕೆತ್ತಿಸಿದವುಗಳ ಹೆಡೆಯ ಗೀರುಗಳು ಇನ್ನೂ ಚೂಪಾಗಿವೆ. ಹಳೆಯವು ಹಾಲು, ಅರಿಶಿನ, ಎಣ್ಣೆ ಕುಡಿದು ಕುಡಿದು ಕರಿ ಬೆಣ್ಣೆಯ ಹಾಗೆ ನುಣುಪಾಗಿವೆ. ಮಕ್ಕಳಿಲ್ಲದವರು ಹರಕೆ ಹೊತ್ತು ಕಲ್ಲು ಕೆತ್ತಿಸಿ, ಕೆಲವು ಕಾಲ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಅಶ್ವತ್ಥದ ಬುಡದಲ್ಲಿ ಪ್ರತಿಷ್ಠೆ ಮಾಡಿಸುತ್ತಾರೆ. ಪಕ್ಕದಲ್ಲಿ ಉತ್ತರ ಪಿನಾಕಿನಿ. ಹೊಳೆ ಎಂದು ಹೇಳುವುದಕ್ಕೆ ಮಳೆಗಾಲದಲ್ಲಿ ಬರಬೇಕು, ಉಳಿದ ದಿನಗಳಲ್ಲಿ ಮರಳು, ಜೊಂಡು ಮತ್ತು ನೀರಿನ ನೆನಪು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಉತ್ತರಕ್ಕೆ ಹರಿದು, ಆಂಧ್ರ ಹೊಕ್ಕು, ನೆಲ್ಲೂರಿನ ಬಳಿ ಸಮುದ್ರ ಸೇರುವ ನದಿ ಇದು. ಮಹಾಭಾರತದ ವಿದುರ ಈ ಹೊಳೆಯಲ್ಲಿ ಸಂಧ್ಯಾವಂದನೆಗೆ ಕೈಚಾಚಿದಾಗ ಬೊಗಸೆಗೆ ಅಶ್ವತ್ಥದ ಸಸಿಯೊಂದು ತೇಲಿ ಬಂತು, ಅದನ್ನೇ ದಂಡೆಯಲ್ಲಿ ನೆಟ್ಟ ಎಂದು ಇಲ್ಲಿಯವರು ಹೇಳುತ್ತಾರೆ. ಆ ಹಳೆಯ ಮರ ಈಗಿಲ್ಲ, ಉರುಳಿ ವರ್ಷಗಳೇ ಆದವು. ಆದರೂ ಭಕ್ತಿ ಉರುಳಿಲ್ಲ.

ಪೂಜಾ ಸಾಮಾನಿನ ಅಂಗಡಿಯ ಹೆಂಗಸು ನನ್ನನ್ನು ಮೊದಲು ತೆಲುಗಿನಲ್ಲಿ ಕರೆದು, ನಾನು ಪಿಳಿಪಿಳಿ ನೋಡಿದಾಗ ಕನ್ನಡಕ್ಕೆ ಬಂದರು. "ಕಾಯಿ, ಹೂವು, ಹಾಲು ಎಲ್ಲಾ ಸೇರಿ ಒಂದು ಬುಟ್ಟಿ ಮಾಡ್ಕೊಡ್ಲಾ ಸಾರ್?"

"ಬೇಡಮ್ಮ. ಇಲ್ಲಿ ಸ್ತೂಪ ಎಲ್ಲಿದೆ?"

"ಸ್ತೂಪಾನಾ? ಅದು ಆ ಕಡೆ ಐತೆ. ಅಲ್ಲಿ ಪೂಜೆ ಇಲ್ಲ ಸಾರ್."

ಪೂಜೆಯಿಲ್ಲದ ಆ ಜಾಗಕ್ಕಾಗಿಯೇ ನಾನು ಬಂದದ್ದು. 1938ರ ಏಪ್ರಿಲ್ 25, ಸೋಮವಾರ, ಇಲ್ಲಿ ನೆರೆದಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂಬ ಬಿರುದಿದೆ. ಆ ಬಿರುದಿನ ಬಗ್ಗೆ ನನಗೊಂದು ತಕರಾರಿದೆ, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಈ ಊರಿನವನಲ್ಲ, ಈ ರಾಜ್ಯದವನೂ ಅಲ್ಲ. ನೀಲಗಿರಿಯ ಕುಂದೆ ಸೀಮೆಯ ಬಡಗ ಹಟ್ಟಿಯವನು. ನಮ್ಮ ಹಿರಿಯರು ಮೈಸೂರು ಸೀಮೆಯಿಂದ ಮೋಯಾರು ಹೊಳೆ ದಾಟಿ ಬೆಟ್ಟ ಹತ್ತಿದವರೆಂದು ಹಾಡಿನಲ್ಲಿ, ಮಾತಿನಲ್ಲಿ ಬರುತ್ತದೆ. ಹಾಗೆ ದಾಟಿಬಂದದ್ದರಿಂದ ನಮ್ಮ ಅಜ್ಜಂದಿರು ಮೈಸೂರಿನ ಪ್ರಜೆಗಳಾಗಿರಲಿಲ್ಲ, ಮದ್ರಾಸ್ ಪ್ರಾಂತ್ಯದವರಾಗಿದ್ದರು. ಆಡುವ ಮಾತಿನಲ್ಲಿ ಈಚೆಯವರು, ಸರ್ಕಾರದ ಕಡತದಲ್ಲಿ ಆಚೆಯವರು. ಗಡಿ ಎನ್ನುವುದು ಭೂಪಟದ ಗೆರೆಯಷ್ಟೇ ಅಲ್ಲ ಎನ್ನುವುದು ನಮಗೆ ಹುಟ್ಟಿನಿಂದ ಗೊತ್ತು. ವಿದುರಾಶ್ವತ್ಥದ ಕಥೆ ನನ್ನನ್ನು ಹಿಡಿದದ್ದೂ ಈ ಗಡಿಯ ಕಾರಣಕ್ಕೇ.

ಹೇಗೆಂದರೆ, ಇಲ್ಲಿಂದ ಹದಿನೈದು ಕಿಲೋಮೀಟರಿನೊಳಗೆ ಹಿಂದೂಪುರ. ಅದು ಆಗ ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆಗೆ ಸೇರಿತ್ತು. ಬ್ರಿಟಿಷರೇ ನೇರವಾಗಿ ಆಳುತ್ತಿದ್ದ ನೆಲ. ಆದರೆ 1937ರ ಚುನಾವಣೆಯಲ್ಲಿ ಗೆದ್ದ ಕಾಂಗ್ರೆಸ್ ಆ ವರ್ಷ ಜುಲೈಯಲ್ಲಿ ಮದ್ರಾಸಿನಲ್ಲಿ ಮಂತ್ರಿಮಂಡಲ ರಚಿಸಿತ್ತು, ರಾಜಗೋಪಾಲಾಚಾರಿಯವರು ಪ್ರಾಂತ್ಯದ ಪ್ರಧಾನಮಂತ್ರಿಯಾಗಿದ್ದರು. ಹಾಗಾಗಿ 1938ರಲ್ಲಿ ಹಿಂದೂಪುರದಲ್ಲಾಗಲಿ ನಮ್ಮ ಊಟಿಯಲ್ಲಾಗಲಿ ಚರಕದ ಬಾವುಟ ಹಿಡಿದು ನಿಂತವನು ಆಳುವ ಪಕ್ಷದವನು. ಅದೇ ಬಾವುಟ ಹಿಡಿದು ಕಾಲ್ನಡಿಗೆಯಲ್ಲಿ ಗಡಿ ದಾಟಿ ಈಚೆಗೆ ಬಂದು ಕಂಬಕ್ಕೇರಿಸಿದರೆ ಅಪರಾಧಿ. ಪರಕೀಯರ ನೆಲದಲ್ಲಿ ಸಲ್ಲುತ್ತಿದ್ದದ್ದು ಸ್ವದೇಶೀ ಮಹಾರಾಜರ ನೆಲದಲ್ಲಿ ಸಲ್ಲುತ್ತಿರಲಿಲ್ಲ.

ಇದಾದದ್ದು ಯಾವುದೋ ಕ್ರೂರಿ ದೊರೆಯ ಸಂಸ್ಥಾನದಲ್ಲಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರಿನಲ್ಲಿ. ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ವಿಶ್ವವಿದ್ಯಾನಿಲಯ, ಕನ್ನಡ ಸಾಹಿತ್ಯ ಪರಿಷತ್ತು ಎಲ್ಲವೂ ಅವರ ಕಾಲದವು. 1926ರಿಂದ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್, ಬೀದಿ ದೀಪದಿಂದ ಹಿಡಿದು ಬೃಂದಾವನದ ಕಾರಂಜಿಯವರೆಗೆ ಅಂದ ಹುಡುಕುತ್ತಿದ್ದ ಆಡಳಿತಗಾರ. ಗಾಂಧೀಜಿಯವರಿಗೆ ಇಬ್ಬರ ಮೇಲೂ ಅಭಿಮಾನವಿತ್ತು. 1927ರಲ್ಲಿ ಆರೋಗ್ಯ ಕೆಟ್ಟಾಗ ಅವರು ವಿಶ್ರಾಂತಿಗೆ ಬಂದು ಉಳಿದದ್ದು ನಂದಿಬೆಟ್ಟದಲ್ಲಿ, 1936ರಲ್ಲಿ ಮತ್ತೆ ಅಲ್ಲಿಗೇ. ಮೈಸೂರನ್ನು ಅವರು ರಾಮರಾಜ್ಯವೆಂದು ಕರೆದರೆನ್ನುವುದನ್ನು ಹಳೆಯ ಮೈಸೂರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅವರು ಗಾಳಿ ಸೇವಿಸಿದ ಬೆಟ್ಟದ ಸೀಮೆಯಿಂದ ಇಳಿದು ಬಂದ ಹೊಳೆಯ ದಂಡೆಯಲ್ಲೇ ಆ ರಾಮರಾಜ್ಯದ ಕೋವಿಗಳು ಸಿಡಿದವು.

ಮಾದರಿ ಸಂಸ್ಥಾನಕ್ಕೆ ಎರಡು ಮುಖ. ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಹುಟ್ಟಿತ್ತು, 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಸದಸ್ಯರು ಪೇಟ ಸುತ್ತಿಕೊಂಡು ಹೋಗಿ ಅಹವಾಲು ಹೇಳಬಹುದು, ಪ್ರಶ್ನೆ ಕೇಳಬಹುದು. ದಿವಾನರನ್ನು ಕೆಳಗಿಳಿಸುವಂತಿಲ್ಲ. ದಿವಾನರು ಉತ್ತರ ಹೇಳಬೇಕಾದದ್ದು ಮಹಾರಾಜರಿಗೆ. ಮಹಾರಾಜರ ತಲೆಯ ಮೇಲೆ ಬ್ರಿಟಿಷ್ ರೆಸಿಡೆಂಟು, ಅವನ ಮೇಲೆ ವೈಸರಾಯ್. 1881ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಹಿಂತಿರುಗಿಸಿದಾಗ ಬರೆಸಿಕೊಂಡ ಷರತ್ತುಗಳು ಒಂದೆರಡಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಎಂದು ನಿಗದಿಯಾಗಿದ್ದ ಪೊಗದಿಯನ್ನು ಬ್ರಿಟಿಷರು ಆಮೇಲೆ 35 ಲಕ್ಷಕ್ಕೆ ಏರಿಸಿ ದಶಕಗಳ ಕಾಲ ವಸೂಲಿ ಮಾಡಿದರು. ಕಟ್ಟೆ ಕಟ್ಟಿದವರು ಮೈಸೂರಿನವರು, ಕಪ್ಪ ಎಣಿಸಿಕೊಂಡವರು ಬೇರೆಯವರು. ವಿದುರಾಶ್ವತ್ಥಕ್ಕೆ ಬಂದವರಲ್ಲಿ ಎಷ್ಟು ಜನಕ್ಕೆ ಈ ಲೆಕ್ಕ ಗೊತ್ತಿತ್ತೋ, ಅವರ ಕಣ್ಣಿಗೆ ಕಾಣುತ್ತಿದ್ದವರು ಅಮಲ್ದಾರ, ಶಾನುಭೋಗ ಮತ್ತು ಕೆಂಪು ಪೇಟದ ಪೊಲೀಸು.

ಸಂಸ್ಥಾನದೊಳಗಿನ ರಾಜಕೀಯ ಬಹುಕಾಲ ಇಬ್ಭಾಗವಾಗಿತ್ತು. ಕಾಂಗ್ರೆಸ್ ಎಂದರೆ ಪೇಟೆಯ ವಕೀಲರು, ಹೆಚ್ಚಿನಂಶ ಬ್ರಾಹ್ಮಣರು. ಹಳ್ಳಿಯಲ್ಲಿ ಬೇರು ಬಿಟ್ಟಿದ್ದ ಒಕ್ಕಲಿಗ, ಲಿಂಗಾಯತ ಮುಖಂಡರು 1917ರಲ್ಲಿ ಶುರುವಾದ ಪ್ರಜಾಮಿತ್ರ ಮಂಡಳಿಯಲ್ಲಿ, ಆಮೇಲೆ ಪ್ರಜಾಪಕ್ಷದಲ್ಲಿ ಇದ್ದರು. ಸರ್ಕಾರಿ ನೌಕರಿಯಲ್ಲಿ ಪಾಲು ಕೇಳುವುದು ಅವರ ಮುಖ್ಯ ಮಾತು. 1934ರಲ್ಲಿ ಈ ಮಂಡಳಿ, ಪ್ರಜಾಪಕ್ಷ ಎರಡೂ ಸೇರಿ ಪ್ರಜಾ ಸಂಯುಕ್ತ ಪಕ್ಷವಾದವು. 1937ರಲ್ಲಿ ಆ ಪಕ್ಷವೇ ಕಾಂಗ್ರೆಸ್ಸಿನೊಳಗೆ ಬಂದು ಸೇರಿಕೊಂಡಿತು. ಇದೇ ಮೊದಲ ತಿರುವು. ಕೆ.ಸಿ. ರೆಡ್ಡಿ, ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ, ಟಿ. ಸಿದ್ದಲಿಂಗಯ್ಯ ಒಂದೇ ವೇದಿಕೆಯಲ್ಲಿ ಕೂರುವಂತಾಯಿತು. ಸಿಟಿಯ ಸಂಘಕ್ಕೆ ಹಳ್ಳಿಯ ಜಗಲಿ ಸಿಕ್ಕಿತು.

ದಿವಾನರಿಗೆ ಇದರ ಅರ್ಥ ಬೇಗ ಹೊಳೆಯಿತು. 1937ರ ಅಕ್ಟೋಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ನಾಯಕ ಕೆ.ಎಫ್. ನಾರಿಮನ್ ಭಾಷಣ ಮಾಡಲು ಬಂದಾಗ ಅವರನ್ನು ಬಂಧಿಸಲಾಯಿತು. ಬೆಂಗಳೂರಿನಲ್ಲಿ ಗಲಭೆಯೆದ್ದು ಗೋಲಿಬಾರ್ ಆಯಿತು. ಮುಂದಿನ ಫೆಬ್ರವರಿಯಲ್ಲಿ ಸುಭಾಷ್‌ಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ನಡೆದ ಹರಿಪುರ ಅಧಿವೇಶನ, ಸಂಸ್ಥಾನಗಳ ಒಳಗಿನ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ಮಾಡಬೇಡಿ, ಅಲ್ಲಿನ ಪ್ರಜೆಗಳೇ ತಮ್ಮ ಬಲದ ಮೇಲೆ ಮಾಡಿಕೊಳ್ಳಲಿ ಎಂಬರ್ಥದ ನಿರ್ಣಯ ಮಾಡಿತು. ಬೆನ್ನಿಗೆ ನಿಲ್ಲುತ್ತೇವೆ, ಜೊತೆಗೆ ಇಳಿಯುವುದಿಲ್ಲ. ಮೈಸೂರಿನವರಿಗೆ ಇದು ನುಂಗಲಾರದ ತುತ್ತು. ಆದರೆ ಬಾವುಟಕ್ಕೆ ಯಾರ ಅಪ್ಪಣೆ ಬೇಕು?

1938ರ ಏಪ್ರಿಲ್ 11 ಮತ್ತು 12ರಂದು ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಬಾವುಟ ಏರಿಸಕೂಡದೆಂದು ಸರ್ಕಾರ ಆಜ್ಞೆ ಹೊರಡಿಸಿತ್ತು. ಅಧ್ಯಕ್ಷ ಸಿದ್ದಲಿಂಗಯ್ಯನವರು ಏರಿಸಿದರು, ಬಂಧನಕ್ಕೊಳಗಾದರು. ಒಬ್ಬರ ಹಿಂದೆ ಒಬ್ಬರಂತೆ ಮುಖಂಡರು ಕಂಬದ ಹತ್ತಿರ ಹೋಗುವುದು, ಪೊಲೀಸ್ ವ್ಯಾನು ಹತ್ತುವುದು. ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಸಾವಿರಗಟ್ಟಲೆ ಜನ ಬಂದಿದ್ದರು. ಆ ಗದ್ದೆ ಬಯಲಿನಲ್ಲಿ ರಕ್ತ ಹರಿಯಲಿಲ್ಲ. ಶಿವಪುರ ಇವತ್ತಿಗೂ ಗೆದ್ದ ನೆನಪಾಗಿ ಉಳಿದಿದೆ, ಅಲ್ಲೊಂದು ಸತ್ಯಾಗ್ರಹ ಸೌಧವಿದೆ. ಶಿವಪುರಕ್ಕೂ ವಿದುರಾಶ್ವತ್ಥಕ್ಕೂ ನಡುವೆ ಎರಡು ವಾರದ ಅಂತರ ಮಾತ್ರ.

ಆ ಎರಡು ವಾರ ಧ್ವಜ ಸತ್ಯಾಗ್ರಹ ಊರಿಂದೂರಿಗೆ ಹಬ್ಬಿತು. ಹಾಗೆಂದರೆ ಏನೆಂದು ಈಗಿನ ಓದುಗರಿಗೆ ಬಿಡಿಸಿ ಹೇಳಬೇಕಾದೀತು. ಮೂರು ಬಣ್ಣದ ಖಾದಿ ತುಂಡು, ನಡುವಿನ ಬಿಳಿಯಲ್ಲಿ ಚರಕ. ಕಾಂಗ್ರೆಸ್ 1931ರಲ್ಲಿ ಒಪ್ಪಿಕೊಂಡ ಮಾದರಿ ಅದು. ಕಿಸೆಯಲ್ಲಿ ಮಡಚಿಟ್ಟುಕೊಂಡು ಹೋಗಬಹುದು, ಬಿದಿರುಗಳಕ್ಕೆ ಎರಡು ಗಂಟು ಬಿಗಿದರೆ ಸತ್ಯಾಗ್ರಹ ಸಿದ್ಧ. ಉಪ್ಪು ಕಾಯಿಸಲು ಸಮುದ್ರ ಬೇಕು, ಕಾಡು ಕಡಿಯಲು ಕಾಡು ಬೇಕು. ಇದಕ್ಕೆ ಬೇಕಾದದ್ದು ಜನ ಸೇರುವ ಒಂದು ಜಾಗ. ಗೌರಿಬಿದನೂರಿನ ಕಡೆಯವರಿಗೆ ಜಾಗ ಹುಡುಕುವ ಕಷ್ಟವೂ ಇರಲಿಲ್ಲ. ಅದು ಚೈತ್ರಮಾಸ. ವಿದುರಾಶ್ವತ್ಥದಲ್ಲಿ ಅಶ್ವತ್ಥನಾರಾಯಣಸ್ವಾಮಿಯ ಜಾತ್ರೆ.

ಇಡೀ ಕಥೆಯ ಗಂಟು ಇಲ್ಲಿದೆ. ಸಭೆಗೆ ಬಂದವರು ಬೇರೆ, ಜಾತ್ರೆಗೆ ಬಂದವರು ಬೇರೆ. ಸಭೆಗೆ ಹೋಗುವವನಿಗೆ ಏನಾಗಬಹುದೆಂಬ ಅಂದಾಜಿರುತ್ತದೆ, ಮನೆಯಲ್ಲಿ ಹೇಳಿ ಹೊರಟಿರುತ್ತಾನೆ. ಜಾತ್ರೆಗೆ ಬಂದವರು ಮಗುವಿನ ಮುಡಿ ತೆಗೆಸಲು, ಹರಕೆ ತೀರಿಸಲು, ಬಳೆ ಕೊಳ್ಳಲು, ಮಗಳ ಮಾವನ ಮನೆಯವರನ್ನು ನೋಡಲು ಬಂದವರು. ಗಡಿಯಾಚೆಯ ತೆಲುಗು ಸೀಮೆಯ ಜನರಿಗೂ ಇದು ತಮ್ಮದೇ ಕ್ಷೇತ್ರ. ಅಂಥ ಜನಸಾಗರದ ನಡುವೆ ಬಾವುಟದ ಗಳ ನೆಟ್ಟಾಗ ಯಾರು ಸತ್ಯಾಗ್ರಹಿ, ಯಾರು ಭಕ್ತ ಎಂದು ಬೇರ್ಪಡಿಸುವುದು ಹೇಗೆ? ಸತ್ಯಾಗ್ರಹಿಗಳಿಗೆ ಅದೇ ಬಲವಾಗಿ ಕಂಡಿತು, ಪೊಲೀಸರಿಗೆ ಅದೇ ಭಯವಾಗಿ. ಮುಂದಾಳುಗಳು ಜಾತ್ರೆಯನ್ನು ಆರಿಸಿಕೊಂಡದ್ದು ಸರಿಯೇ ಎಂದು ಕೇಳಿದವರಿದ್ದಾರೆ. ನನಗನಿಸುವುದು, ಹಳ್ಳಿಯವರಿಗೆ ನೆರೆಯುವುದಕ್ಕೆ ಸಂತೆ, ಜಾತ್ರೆ ಬಿಟ್ಟು ಬೇರೆ ಸ್ಥಳವೇ ಇರಲಿಲ್ಲ. ಟೌನ್‌ಹಾಲು ಬೆಂಗಳೂರಿನವರಿಗೆ.

ಏಪ್ರಿಲ್ 25ರ ಸಂಗತಿಗಳಲ್ಲಿ ಎರಡೂ ಕಡೆಯವರು ಒಪ್ಪುವುದು ಇಷ್ಟು. ಸಭೆ, ಬಾವುಟ ಎರಡಕ್ಕೂ ನಿಷೇಧವಿತ್ತು. ಜನ ಸೇರಿದರು. ಚದುರಿ ಎಂದು ಪೊಲೀಸರು ಹೇಳಿದರು, ಜನ ಚದುರಲಿಲ್ಲ. ಲಾಠಿ ಬೀಸಿದರು. ಆಮೇಲೆ ಕೋವಿಗಳು ಮಾತಾಡಿದವು. ಒಪ್ಪದಿರುವುದು ಲಾಠಿಗೂ ಗುಂಡಿಗೂ ನಡುವಿನ ಕೆಲವು ನಿಮಿಷಗಳ ಬಗ್ಗೆ. ಕಲ್ಲುಗಳು ಬಂದವು, ಜನ ಮೇಲೆ ಬಿದ್ದರು, ಪೊಲೀಸರ ಜೀವಕ್ಕೆ ಅಪಾಯವಿತ್ತು ಎನ್ನುವುದು ಸರ್ಕಾರದ ಮಾತು. ಶಾಂತವಾಗಿ ಕೂತಿದ್ದ ಜನರ ಮೇಲೆ ಕಾರಣವಿಲ್ಲದೆ ಹಾರಿಸಿದರು ಎನ್ನುವುದು ಕಾಂಗ್ರೆಸ್ಸಿನ ಮಾತು. ಲಾಠಿ ಬೀಳುತ್ತಿರುವ ಕಡೆ ಒಂದೂ ಕಲ್ಲು ಮೇಲೇಳಲಿಲ್ಲವೆಂದು ನಾನು ಪಟ್ಟು ಹಿಡಿಯಲಾರೆ. ಆದರೆ ಕಲ್ಲಿಗೆ ಗುಂಡು ಉತ್ತರವೇ? ಅದೂ ಹೆಂಗಸರು ಮಕ್ಕಳು ತುಂಬಿದ ತೋಪಿನಲ್ಲಿ, ಒಂದು ಕಡೆ ಗುಡಿ, ಇನ್ನೊಂದು ಕಡೆ ಹೊಳೆ ಇರುವ ಜಾಗದಲ್ಲಿ?

ಹಾರಿಸಿದವರು ಗೂರ್ಖಾಗಳಲ್ಲ, ಗೋರಾಗಳಲ್ಲ. ಮೈಸೂರು ಸಂಸ್ಥಾನದ ಪೊಲೀಸರು. ಜನ ಆಡುವ ಮಾತನ್ನೇ ಆಡುವವರು, ಬೇರೆ ದಿನವಾಗಿದ್ದರೆ ತಾವೂ ಒಂದು ಕಾಯಿ ಒಡೆಸಿ ಹೋಗುತ್ತಿದ್ದವರು.

ಸತ್ತವರೆಷ್ಟು? ಸರ್ಕಾರದ ಲೆಕ್ಕ 10. ಜನರ ಲೆಕ್ಕ 32, ಕೆಲವು ಕಡೆ 35. ಅಂತರ ಸಣ್ಣದಲ್ಲ. ಆಸ್ಪತ್ರೆಗೆ ಸೇರಿ ಸತ್ತವರು, ಗುಂಡೇಟು ಬಿದ್ದದ್ದನ್ನು ಮುಚ್ಚಿಟ್ಟು ಮನೆಯಲ್ಲೇ ಪ್ರಾಣ ಬಿಟ್ಟವರು ಇಂಥ ಲೆಕ್ಕಗಳಲ್ಲಿ ಎಲ್ಲಿ ಬರುತ್ತಾರೆ ಎಂಬ ಪ್ರಶ್ನೆ ಎಲ್ಲ ಗೋಲಿಬಾರುಗಳಲ್ಲೂ ಇರುವಂಥದ್ದು. ಪೊಲೀಸರ ಕಣ್ಣಿಗೆ ಬೀಳಬಾರದೆಂದು ಗಾಯ ಮರೆಸಿಕೊಂಡವರ ಹೆಸರು ಯಾವ ದಫ್ತರಿನಲ್ಲೂ ಇರುವುದಿಲ್ಲ, ಊರಿನ ನೆನಪಿನಲ್ಲಿ ಮಾತ್ರ ಇರುತ್ತದೆ. ನೆನಪು ಕೆಲವೊಮ್ಮೆ ಹೆಚ್ಚಾಗಿ ಎಣಿಸುತ್ತದೆ. ಸರ್ಕಾರಗಳು ಹೆಚ್ಚಾಗಿ ಎಣಿಸಿದ ನಿದರ್ಶನ ಮಾತ್ರ ನನಗೆ ಗೊತ್ತಿಲ್ಲ.

ಸುದ್ದಿ ಬೆಂಗಳೂರು ಮುಟ್ಟಿದ್ದೇ ಸಂಸ್ಥಾನ ಅಲ್ಲಾಡಿತು. ಮಿರ್ಜಾ ಆಡಳಿತದ ಹೆಸರಿಗೆ ಅಂಟಿದ ಮಸಿಗೆ ಕೂಡಲೇ ಉತ್ತರ ಕೊಡಬೇಕಿತ್ತು. ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಸರ್ ವೇಪ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಸಮಿತಿ ಗೋಲಿಬಾರನ್ನು ತಪ್ಪೆನ್ನಲಿಲ್ಲ. ಪರಿಸ್ಥಿತಿ ಹಾಗಿತ್ತು, ಬೇರೆ ದಾರಿಯಿರಲಿಲ್ಲ ಎಂಬ ಧಾಟಿ. ಗಡಿಯಾಚೆಯಿಂದ ನ್ಯಾಯಾಧೀಶರನ್ನು ಕರೆಸಿದರೆ ಗಡಿಯಾಚೆಯ ನ್ಯಾಯ ಬರುತ್ತದೆಂದು ಯಾರಾದರೂ ನಂಬಿದ್ದರೆ ಅವರಿಗೆ ನಿರಾಸೆಯಾಗಿರಬೇಕು.

ಗಾಂಧೀಜಿಯವರಿಗೆ ಇದು ಇಕ್ಕಟ್ಟಿನ ಸಂದರ್ಭ. ಒಂದು ಕಡೆ ಹರಿಪುರದ ನಿರ್ಣಯ, ಇನ್ನೊಂದು ಕಡೆ ಬಿದ್ದ ಹೆಣಗಳು, ಮಧ್ಯೆ ಮಿರ್ಜಾ ಎಂಬ ಸ್ನೇಹಿತ. ಮಹಾರಾಜರೂ ದಿವಾನರೂ ನಿರಂಕುಶಾಧಿಕಾರ ಬಿಟ್ಟು ಪ್ರಜೆಗಳಿಗೆ ಜವಾಬ್ದಾರಿ ಒಪ್ಪಿಸುವುದು ಒಳ್ಳೆಯದೆಂದು ಅವರು 'ಹರಿಜನ' ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಬರೆದರು. ಮಾತುಕತೆಗೆ ವಲ್ಲಭಭಾಯಿ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳಿಸಿದರು. ಮೇ ತಿಂಗಳಲ್ಲಿ ಆದದ್ದೇ ಮಿರ್ಜಾ–ಪಟೇಲ್ ಒಪ್ಪಂದ. ಮೈಸೂರು ಕಾಂಗ್ರೆಸ್ಸಿಗೆ ಸರ್ಕಾರದ ಮಾನ್ಯತೆ ಸಿಕ್ಕಿತು. ಸೆರೆಯಲ್ಲಿದ್ದ ಸತ್ಯಾಗ್ರಹಿಗಳ ಬಿಡುಗಡೆಯಾಯಿತು. ರಾಜ್ಯಾಂಗ ಸುಧಾರಣೆಗೆಂದು ನೇಮಿಸಿದ್ದ ಸಮಿತಿ ಜವಾಬ್ದಾರಿ ಸರ್ಕಾರದ ಪ್ರಶ್ನೆಯನ್ನೂ ಪರಿಶೀಲಿಸಬಹುದು ಎಂದಾಯಿತು.

ಬಾವುಟ? ವಿಶೇಷ ಸಮಾರಂಭಗಳಲ್ಲಿ ಸಂಸ್ಥಾನದ ಗಂಡಭೇರುಂಡ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಬಾವುಟವನ್ನೂ ಏರಿಸಬಹುದು. ಪಕ್ಷದ ಸ್ವಂತ ಸಭೆಗಳಲ್ಲಿ ಅದೊಂದನ್ನೇ ಏರಿಸಬಹುದು. ಒಂದು ತಿಂಗಳ ಹಿಂದೆ ಯಾವುದಕ್ಕೆ ಜನರ ಎದೆಗೆ ಗುಂಡು ಬಿದ್ದಿತ್ತೋ ಅದು ಈಗ ಮೇಜಿನೆದುರು ಕೂತು ಕಾಗದದ ಮೇಲೆ ಬರೆದು ಮುಗಿಯುವ ವಿಷಯವಾಗಿತ್ತು. ಹೀಗೆ ಮುಗಿಸಬಹುದಾಗಿದ್ದರೆ ಏಪ್ರಿಲ್‌ನಲ್ಲೇ ಮುಗಿಸಬಹುದಿತ್ತಲ್ಲ ಎಂದು ಯಾವ ತಾಯಿಯಾದರೂ ಕೇಳಿದ್ದರೆ ಪಟೇಲರಾಗಲಿ ಮಿರ್ಜಾ ಆಗಲಿ ಏನು ಹೇಳಬಹುದಿತ್ತೋ ನನಗೆ ತೋಚುವುದಿಲ್ಲ.

ಒಪ್ಪಂದದ ಫಲ ತೆಳುವಾಗಿತ್ತು. ಸುಧಾರಣಾ ಸಮಿತಿಯ ವರದಿ ಬಂದು 1939ರ ನವೆಂಬರಿನಲ್ಲಿ ಸರ್ಕಾರ ಘೋಷಿಸಿದ ಬದಲಾವಣೆಗಳಲ್ಲಿ ಸದಸ್ಯರ ಸಂಖ್ಯೆ, ಚುನಾಯಿತರ ಪಾಲು ಹೆಚ್ಚಾಯಿತೇ ಹೊರತು ದಿವಾನರು ಸಭೆಗೆ ಉತ್ತರ ಹೇಳುವ ಕಾಲ ಬರಲಿಲ್ಲ. ಅಷ್ಟರಲ್ಲಿ ಕಾಂಗ್ರೆಸ್ ಮತ್ತೆ ಬೀದಿಗಿಳಿದಿತ್ತು. ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳ ಕೊಡಲಿಗೆ ಈಚಲು ಮರಗಳು ಉರುಳಿದವು. 1942ರಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನವರು ತಾವು ಸ್ವತಂತ್ರರೆಂದು ಸಾರಿಕೊಂಡರು. ಅಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಜನರ ಕೈಯಲ್ಲಿ ಸತ್ತರು, 1943ರಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ವಿದುರಾಶ್ವತ್ಥದಲ್ಲಿ ಕೊಂದವರದು ತಪ್ಪಲ್ಲ ಎಂದಿದ್ದ ಆಡಳಿತವೇ ಅದು.

ವಿದ್ವಾಂಸರ ನಡುವೆ ಇನ್ನೂ ತೀರದ ಜಗಳವೊಂದಿದೆ. 1917ರಿಂದ 1955ರವರೆಗಿನ ಮೈಸೂರು ರಾಜಕಾರಣವನ್ನು ಅಧ್ಯಯನ ಮಾಡಿದ ಜೇಮ್ಸ್ ಮ್ಯಾನರ್ ಅಂಥವರು ಈ ಚಳವಳಿಯನ್ನು ಓದುವುದು ಮುಖ್ಯವಾಗಿ ಹಳ್ಳಿಗಳ ಪ್ರಬಲ ಜಾತಿಗಳ ಮುಖಂಡರು ರಾಜ್ಯಮಟ್ಟದ ಅಧಿಕಾರದ ಕಡೆ ಹೊರಳಿದ ಕಥೆಯಾಗಿ. ಹೋರಾಟಗಾರರ ನೆನಪಿನ ಬರಹಗಳಲ್ಲಿ ಅದು ರಾಷ್ಟ್ರೀಯತೆ ಹಳ್ಳಿಯ ಎದೆಗಿಳಿದ ಗಳಿಗೆ. ಯಾರು ಮೇಲೆ ಬಂದರು ಎನ್ನುವುದಕ್ಕೆ ಮೊದಲನೆಯ ವಾದ ಚೆನ್ನಾಗಿ ಉತ್ತರ ಕೊಡುತ್ತದೆ. 1947ರ ಅಕ್ಟೋಬರಿನಲ್ಲಿ, ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 'ಮೈಸೂರು ಚಲೋ' ಚಳವಳಿ ಮುಗಿದು ಮೊದಲ ಜನಪ್ರತಿನಿಧಿ ಸರ್ಕಾರ ಬಂದಾಗ ಮುಖ್ಯಮಂತ್ರಿಯಾದವರು ವಿದುರಾಶ್ವತ್ಥವೂ ಆಗ ಸೇರಿದ್ದ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ಆದರೆ ಲಾಠಿ ಬಿದ್ದ ಮೇಲೂ ಒಬ್ಬ ರೈತ ಎದ್ದು ಹೋಗದೆ ಯಾಕೆ ಕೂತ ಎನ್ನುವುದಕ್ಕೆ ಆ ವಾದದಲ್ಲಿ ಉತ್ತರ ಸಿಗುವುದಿಲ್ಲ. ಅವನಿಗೆ ಮಂತ್ರಿಗಿರಿ ಬೇಕಿರಲಿಲ್ಲ.

ಇನ್ನು ನನ್ನ ತಕರಾರು. ಜಲಿಯನ್‌ವಾಲಾ ಬಾಗ್ ಎಂಬ ಹೋಲಿಕೆಯಲ್ಲಿ ನೋವಿಗೆ ತಕ್ಕ ಗೌರವವಿದೆ, ನಿಜ. ಜನ ನೆರೆದಿದ್ದ ಹಬ್ಬದ ದಿನ, ಗುಂಡು, ಹೆಣಗಳ ಲೆಕ್ಕದ ಜಗಳ ಎಲ್ಲ ಕೂಡಿ ಬರುತ್ತವೆ. ಆದರೆ ಅಮೃತಸರದಲ್ಲಿ ಒಬ್ಬ ಡಯರ್ ಇದ್ದ. ಅವನನ್ನು ದ್ವೇಷಿಸಬಹುದು, ದ್ವೇಷಿಸಿ ಕೈತೊಳೆದುಕೊಳ್ಳಬಹುದು. ಇಲ್ಲಿ ಡಯರ್ ಯಾರು? ಕಲಾಪ್ರೇಮಿ ರಾಜರ್ಷಿಯೆಂದು ಹೆಸರಾದ ಮಹಾರಾಜರು, ದಕ್ಷ ದಿವಾನರು, ಕನ್ನಡ ಬಲ್ಲ ಅಧಿಕಾರಿಗಳು, ನಮ್ಮದೇ ಪೊಲೀಸರು. ಬ್ರಿಟಿಷರು ಚಿತ್ರದಲ್ಲೇ ಇಲ್ಲ. ಅವರು ಇರಬೇಕಾದ ಅಗತ್ಯವೂ ಇರಲಿಲ್ಲ ಎನ್ನುವುದರಲ್ಲೇ ಆ ವ್ಯವಸ್ಥೆಯ ಜಾಣತನವಿತ್ತು. ಗಡಿಯಾಚೆ ತಮ್ಮದೇ ಪ್ರಾಂತ್ಯದಲ್ಲಿ ಕಾಂಗ್ರೆಸ್ಸಿಗೆ ಮಂತ್ರಿ ಕುರ್ಚಿ ಕೊಟ್ಟವರು, ಈಚೆ ಸಂಸ್ಥಾನಗಳಿಂದ ಅದೇ ಕಾಂಗ್ರೆಸ್ಸನ್ನು ಹತ್ತಿಕ್ಕಿಸುವ ಸೌಕರ್ಯ ಇಟ್ಟುಕೊಂಡಿದ್ದರು. ದಕ್ಷಿಣದ ಜಲಿಯನ್‌ವಾಲಾ ಎಂದಾಗ ಇದೆಲ್ಲ ಮರೆಯಾಗಿ ಒಬ್ಬ ಬಿಳಿಯ ಜನರಲ್‌ನ ನೆರಳು ಸುಮ್ಮನೆ ಬಂದು ನಿಲ್ಲುತ್ತದೆ.

1938ರಲ್ಲೇ ಬೇರೆ ಸಂಸ್ಥಾನಗಳಲ್ಲೂ ಇದೇ ಪಾಠ ಮರುಕಳಿಸಿತು. ಆಗಸ್ಟ್ 31ರಂದು ತಿರುವಾಂಕೂರಿನ ನೆಯ್ಯಾಟ್ಟಿಂಕರದಲ್ಲಿ ಗೋಲಿಬಾರ್. ಅಕ್ಟೋಬರಿನಲ್ಲಿ ಒಡಿಶಾದ ಢೇಂಕಾನಾಲ್ ಸಂಸ್ಥಾನದಲ್ಲಿ, ಬ್ರಾಹ್ಮಣಿ ನದಿಯ ದಡದಲ್ಲಿ, ದೋಣಿ ಕೊಡುವುದಿಲ್ಲವೆಂದ ಬಾಜಿ ರಾವುತ್ ಎಂಬ ಬಾಲಕನನ್ನು ಕೊಂದರು. 1939ರ ಏಪ್ರಿಲ್‌ನಲ್ಲಿ ನಮ್ಮ ರಾಮದುರ್ಗದಲ್ಲಿ ರಕ್ತಪಾತ. ಸಂಸ್ಥಾನಗಳ ವಿಷಯದಲ್ಲಿ ಕೈಕಟ್ಟಿ ಕೂರುವ ಹರಿಪುರದ ನೀತಿ ಒಂದು ವರ್ಷ ಕೂಡ ಗಟ್ಟಿಯಾಗಿ ನಿಲ್ಲಲಿಲ್ಲ. 1939ರ ತ್ರಿಪುರಿ ಅಧಿವೇಶನದ ಹೊತ್ತಿಗೆ ಕಾಂಗ್ರೆಸ್ ಅದನ್ನು ಸಡಿಲಿಸಿತು. ಆ ಸಡಿಲಿಕೆಗೆ ಮೊದಲ ಬೆಲೆ ಸಂದದ್ದು ಪಿನಾಕಿನಿಯ ದಂಡೆಯಲ್ಲಿ.

ಸ್ತೂಪದ ಹತ್ತಿರ ಹೋದೆ. ತೋಪಿನ ನೆರಳು ಇಲ್ಲೂ ಇದೆ. ಪಕ್ಕದಲ್ಲಿ ವೀರಸೌಧ ಎಂಬ ಕಟ್ಟಡ, ಒಳಗೆ ಸ್ವಾತಂತ್ರ್ಯ ಚಳವಳಿಯ ಚಿತ್ರಗಳ ಸಾಲು. ಶಾಲಾ ಮಕ್ಕಳ ಒಂದು ತಂಡ ಬಂದಿತ್ತು, ಮೇಷ್ಟರು ಒಂದೊಂದು ಚಿತ್ರದ ಮುಂದೆಯೂ ನಿಂತು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹಿಂದಿನ ಸಾಲಿನ ಹುಡುಗನೊಬ್ಬ ಕಿಟಕಿಯಿಂದ ಹೊಳೆಯ ಕಡೆ ನೋಡುತ್ತಿದ್ದ. ನಾಗರಕಲ್ಲುಗಳ ಕಡೆಯಿಂದ ಮಂತ್ರದ ಸದ್ದು, ಗಂಟೆಯ ಸದ್ದು ತೇಲಿ ಬರುತ್ತಿತ್ತು. ಆ ಕಲ್ಲುಗಳು ಇನ್ನೂ ಹುಟ್ಟದವರಿಗಾಗಿ ನಿಂತಿವೆ, ಈ ಕಲ್ಲು ತೀರಿಹೋದವರಿಗಾಗಿ. ನಡುವೆ ಒಂದು ಕಾಲುದಾರಿ, ಅದರಲ್ಲಿ ಓಡಾಡಿದವರು ಆ ಬೆಳಿಗ್ಗೆ ನಾನು ಕಂಡಂತೆ ಕಡಿಮೆ.

ವಾಪಸು ಹೋಗುವಾಗ ಅದೇ ಅಂಗಡಿಯಲ್ಲಿ ನಿಂತು ಒಂದು ಸೋಡಾ ಕುಡಿದೆ. ಮುಂದಿನ ಸಲ ಜಾತ್ರೆಗೇ ಬರುವ ಆಸೆಯಿತ್ತು.

"ಜಾತ್ರೆ ಯಾವತ್ತಮ್ಮ?"

"ಚೈತ್ರದಾಗೆ. ತಾರೀಖು ಪಂಚಾಂಗ ನೋಡೇ ಹೇಳ್ಬೇಕು, ವರ್ಷ ವರ್ಷ ಬದಲಾಗ್ತದೆ."

"ಏಪ್ರಿಲ್ 25ಕ್ಕೆ ಬರಲ್ವಾ?"

ಆಕೆ ಸ್ವಲ್ಪ ಯೋಚಿಸಿದರು. "ಒಂದೊಂದ್ಸಲ ಹತ್ರ ಬರ್ತದೆ. ಇಪ್ಪತ್ತೈದು ಬೇರೆ ಸಾರ್, ಅದು ಆಫೀಸರ್‌ಗಳು ಬರೋ ದಿನ."

ಹಿಂದೂಪುರದ ಕಡೆಯಿಂದ ರೈಲು ಕೂಗಿತು. ಚಿಲ್ಲರೆ ಎಣಿಸಿಕೊಟ್ಟು ನಿಲ್ದಾಣದ ಕಡೆ ಓಡಿದೆ.